ಮೊದಲ ಸಲ ಕೋಳಿ ಸಾಕುತ್ತಿದ್ದೀರಾ? ಮರಿ ತರುವ ಮುನ್ನವೇ ಈ ಔಷಧ, ಸಾಮಗ್ರಿ ಮನೆಯಲ್ಲಿರಲಿ

ಊರಿನ ಮನೆಯ ಹಿತ್ತಲಲ್ಲೋ, ನಗರದ ಹೊರವಲಯದ ತೋಟದಲ್ಲೋ ಹತ್ತಿಪ್ಪತ್ತು ನಾಟಿ ಕೋಳಿ ಸಾಕುವ ಆಸೆ ಹಲವರಿಗಿದೆ. ಗಿರಿರಾಜ, ಸ್ವರ್ಣಧಾರ, ವನರಾಜ, ಗ್ರಾಮಪ್ರಿಯದಂತಹ ಹಿತ್ತಲ ತಳಿಗಳಿಗೂ ಬೇಡಿಕೆ ಇದೆ. ಗೂಡು ಕಟ್ಟಿ, ಮೇವು ತಂದು, ಮರಿ ಬಿಟ್ಟ ಮೇಲೆ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಲಸಿಕೆ ಕಾಣದ ಹಿಂಡಿಗೆ ರೋಗ ಹೊಕ್ಕರೆ ಎರಡು ಮೂರು ದಿನಗಳಲ್ಲಿ ಗೂಡೇ ಖಾಲಿಯಾಗಬಹುದು. ರೋಗ ಬಂದ ಮೇಲೆ ಅಂಗಡಿಗೆ ಓಡುವಷ್ಟು ಸಮಯವನ್ನು ಕೋಳಿ ಕೊಡುವುದಿಲ್ಲ. ಹಾಗಾಗಿ ಮರಿ ತರುವ ಮುನ್ನ ಏನೇನು ಸಿದ್ಧವಿರಬೇಕು? ಇಲ್ಲಿದೆ ಮಾಹಿತಿ.

ಮೊದಲ ಅಗತ್ಯ: ಲಸಿಕೆ

ಹಿತ್ತಲ ಕೋಳಿಗಳ ದೊಡ್ಡ ಶತ್ರು ಕೊಕ್ಕರೆ ರೋಗ. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರಿನಿಂದ ಭಾರತದಲ್ಲಿ ಇದನ್ನು ರಾಣಿಖೇತ್ ರೋಗ ಎಂದೂ, ಹೊರದೇಶಗಳಲ್ಲಿ ನ್ಯೂಕ್ಯಾಸಲ್ ರೋಗ ಎಂದೂ ಕರೆಯುತ್ತಾರೆ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು, ರೆಕ್ಕೆ ಜೋತು ಬೀಳುವುದು ಇದರ ಲಕ್ಷಣಗಳು. ಇದು ವೈರಸ್ ರೋಗವಾದ್ದರಿಂದ ಗುಣಪಡಿಸುವ ಔಷಧ ಇಲ್ಲ. ಲಸಿಕೆಯೊಂದೇ ರಕ್ಷಣೆ.

ಸಾಮಾನ್ಯವಾಗಿ ಅನುಸರಿಸುವ ಲಸಿಕೆ ವೇಳಾಪಟ್ಟಿ ಹೀಗಿದೆ:

* 1ನೇ ದಿನ: ಮ್ಯಾರೆಕ್ಸ್ ಲಸಿಕೆ. ಇದನ್ನು ಹ್ಯಾಚರಿಯಲ್ಲೇ ಹಾಕುತ್ತಾರೆ. ಮರಿ ಕೊಳ್ಳುವಾಗ ಹಾಕಿದ್ದಾರೆಯೇ ಎಂದು ಕೇಳಿ.
* 5ರಿಂದ 7ನೇ ದಿನ: ಕೊಕ್ಕರೆ ರೋಗಕ್ಕೆ ಎಫ್1 ಅಥವಾ ಲಸೋಟಾ. ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
* 14ನೇ ದಿನದ ಆಸುಪಾಸು: ಗಂಬೊರೊ ಲಸಿಕೆ.
* 4ನೇ ವಾರ: ಲಸೋಟಾ ಮತ್ತೊಮ್ಮೆ, ಕುಡಿಯುವ ನೀರಿನಲ್ಲಿ.
* 6ನೇ ವಾರ: ಕೋಳಿ ಸಿಡುಬಿನ ಲಸಿಕೆ.
* 8ನೇ ವಾರ: ಆರ್2ಬಿ, ಚುಚ್ಚುಮದ್ದಿನ ರೂಪದಲ್ಲಿ.

ಆರ್2ಬಿ ಸ್ವಲ್ಪ ಪ್ರಬಲ ಲಸಿಕೆ. ಎಳೆ ಮರಿಗಳಿಗೆ, ಸೊರಗಿದ ಕೋಳಿಗಳಿಗೆ ಇದನ್ನು ಕೊಡಬಾರದು. ಸ್ಥಳೀಯವಾಗಿ ಯಾವ ರೋಗ ಹೆಚ್ಚಿದೆ ಎಂಬುದನ್ನು ನೋಡಿ ಪಶುವೈದ್ಯರು ಈ ಪಟ್ಟಿಯಲ್ಲಿ ಬದಲಾವಣೆ ಹೇಳಬಹುದು.

ಥರ್ಮಾಸ್ ಮತ್ತು ಐಸ್ ಮರೆಯಬೇಡಿ

ಲಸಿಕೆ ಹಾಕಿಸಿದರೂ ಕೋಳಿ ಸತ್ತವು ಎಂಬ ದೂರು ಸಾಮಾನ್ಯ. ಎಷ್ಟೋ ಸಲ ಇದಕ್ಕೆ ಕಾರಣ ಬಿಸಿಲು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅಂಗಡಿಯಿಂದ ಜೇಬಿನಲ್ಲಿಟ್ಟು ತಂದರೆ ದಾರಿಯಲ್ಲೇ ಅದರ ಶಕ್ತಿ ಹೋಗುತ್ತದೆ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್‌ನಲ್ಲಿ ಐಸ್ ತುಂಬಿಕೊಂಡು ಹೋಗುವುದು ಸುಲಭ ಉಪಾಯ. ಕಲಸಿದ ಲಸಿಕೆಯನ್ನು ಎರಡು ಗಂಟೆಯೊಳಗೆ ಬಳಸಿ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ.

ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಕೂಡ ಲಸಿಕೆಯನ್ನು ಕೊಲ್ಲುತ್ತದೆ. ನೀರಿನಲ್ಲಿ ಲಸಿಕೆ ಕೊಡುವುದಾದರೆ ಒಂದು ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಬೇಕು.

ಇನ್ನೊಂದು ತೊಡಕು, ಲಸಿಕೆ ಸೀಸೆಗಳು ನೂರಾರು ಡೋಸ್‌ಗಳ ಲೆಕ್ಕದಲ್ಲಿ ಬರುತ್ತವೆ. ಹತ್ತು ಕೋಳಿ ಇರುವವರು ಇದೇ ಕಾರಣಕ್ಕೆ ಲಸಿಕೆಯನ್ನೇ ಬಿಡುತ್ತಾರೆ. ಅಕ್ಕಪಕ್ಕದವರೊಂದಿಗೆ ದಿನ ಗೊತ್ತು ಮಾಡಿಕೊಂಡು ಒಟ್ಟಿಗೆ ಹಾಕಿಸಿದರೆ ಖರ್ಚೂ ಉಳಿಯುತ್ತದೆ, ಊರಿನ ಕೋಳಿಗಳೂ ಉಳಿಯುತ್ತವೆ.

ಮನೆಯಲ್ಲಿರಬೇಕಾದ ಔಷಧ ಪೆಟ್ಟಿಗೆ

* ಪೊವಿಡೋನ್ ಅಯೋಡಿನ್: ಕುಕ್ಕಿದ ಗಾಯ, ನಾಯಿ ಕಚ್ಚಿದ ಗಾಯ, ಸಿಡುಬಿನ ಗಂಟುಗಳಿಗೆ ಹಚ್ಚಲು. ಹತ್ತಿ ಮತ್ತು ಬ್ಯಾಂಡೇಜ್ ಬಟ್ಟೆ ಜೊತೆಗಿರಲಿ.
* ಎಲೆಕ್ಟ್ರೋಲೈಟ್ ಪುಡಿ: ಮರಿ ದೂರದಿಂದ ಬಂದ ದಿನ ಮತ್ತು ಬೇಸಿಗೆಯಲ್ಲಿ ನೀರಿಗೆ ಬೆರೆಸಲು. ಕೋಳಿಗೆ ಬೆವರು ಬರುವುದಿಲ್ಲ. ಬಿಸಿಲು ಏರಿದಾಗ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ತಕ್ಷಣ ನೆರಳು, ತಂಪು ನೀರು ಬೇಕು.
* ವಿಟಮಿನ್ ದ್ರಾವಣ: ಎ, ಡಿ3 ಮತ್ತು ಬಿ ಕಾಂಪ್ಲೆಕ್ಸ್.
* ಕಪ್ಪೆಚಿಪ್ಪಿನ ಚೂರು: ಮೊಟ್ಟೆ ಇಡುವ ಕೋಳಿಗೆ ಸುಣ್ಣದಂಶಕ್ಕಾಗಿ. ಚಿಪ್ಪು ತೆಳುವಾದರೆ, ಚಿಪ್ಪಿಲ್ಲದ ಮೊಟ್ಟೆ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.
* ಜಂತುಹುಳು ಔಷಧ: ಮಣ್ಣು ಕೆದಕಿ ತಿನ್ನುವ ಕೋಳಿಗೆ ಎರಡು ಮೂರು ತಿಂಗಳಿಗೊಮ್ಮೆ ಬೇಕು. ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ.
* ರಕ್ತಭೇದಿ ಔಷಧ: ಎಳೆ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯಾ ಎಂಬ ಪರಾವಲಂಬಿಯ ಕಾಟ ಇರಬಹುದು. ಒದ್ದೆ ಹಾಸಿನಲ್ಲಿ ಇದು ಬೇಗ ಹರಡುತ್ತದೆ. ಆಂಪ್ರೋಲಿಯಂ ಇದಕ್ಕೆ ಬಳಕೆಯಲ್ಲಿರುವ ಔಷಧ. ವೈದ್ಯರ ಸಲಹೆಯಂತೆ ಬಳಸಬೇಕು, ಜೊತೆಗೆ ಹಾಸನ್ನೂ ಬದಲಿಸಬೇಕು.

ಗೂಡಿಗೆ ಬೇಕಾದದ್ದು

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ನಂತರ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಎಲ್‌ಇಡಿ ಬಲ್ಬಿನಿಂದ ಈ ಶಾಖ ಸಿಗುವುದಿಲ್ಲ. ತಂತಿ ಕಾಯುವ ಹಳೆಯ ಮಾದರಿಯ ಬಲ್ಬೇ ಬೇಕು. ಒಂದು ಮರಿಗೆ 2 ವ್ಯಾಟ್ ಎಂಬುದು ರೂಢಿಯ ಲೆಕ್ಕ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ ಎಂದರ್ಥ.

ನೆಲಕ್ಕೆ ಎರಡು ಮೂರು ಅಂಗುಲ ಒಣ ಭತ್ತದ ಹೊಟ್ಟು ಹಾಸಬೇಕು. ಸುಣ್ಣದ ಪುಡಿ ಒಂದು ಚೀಲ ಇರಲಿ. ಗೂಡಿನ ಗೋಡೆಯ ಬಿರುಕುಗಳಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುವ ಉಣ್ಣೆಗಳ ಹಾವಳಿ ತಡೆಯಲು ಸುಣ್ಣ ಬಳಿಯುವುದು ಒಳ್ಳೆಯದು. ಕೋಳಿ ಹೇನಿಗೆ ಒಣ ಮಣ್ಣು ಮತ್ತು ಒಲೆಯ ಬೂದಿ ತುಂಬಿದ ಗುಂಡಿ ಮಾಡಿಕೊಟ್ಟರೆ ಕೋಳಿಗಳೇ ಹೊರಳಾಡಿ ಮೈ ಸ್ವಚ್ಛ ಮಾಡಿಕೊಳ್ಳುತ್ತವೆ. ಸಿಡುಬು ಸೊಳ್ಳೆಯಿಂದಲೂ ಹರಡುವುದರಿಂದ ಗೂಡಿನ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ಒಂದು ಪಂಜರ ಯಾವಾಗಲೂ ಖಾಲಿ ಇರಲಿ. ಮಂಕಾದ ಕೋಳಿಯನ್ನು ಕೂಡಲೇ ಬೇರ್ಪಡಿಸಲು ಅದು ಬೇಕು. ಸಂತೆಯಿಂದ ತಂದ ಹೊಸ ಕೋಳಿಯನ್ನೂ ಎರಡು ಮೂರು ವಾರ ಬೇರೆಯೇ ಇಟ್ಟು ನೋಡಿ, ನಂತರ ಹಿಂಡಿಗೆ ಬಿಡಬೇಕು.

ಸಾಕುವವರ ಸುರಕ್ಷತೆ

ಕೈಗವಸು, ಮಾಸ್ಕ್, ಗೂಡಿಗಷ್ಟೇ ಬಳಸುವ ಒಂದು ಜೊತೆ ಚಪ್ಪಲಿ, ಸೋಪು ಇವೂ ಪಟ್ಟಿಯಲ್ಲಿರಬೇಕು. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಮರಿ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು.

ಭಾರತದಲ್ಲಿ ಹಕ್ಕಿ ಜ್ವರ ಮೊದಲು ದೃಢಪಟ್ಟಿದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟುವುದು, ಕೊಯ್ದು ಅಡುಗೆ ಮಾಡುವುದು, ಉಳಿದವನ್ನು ತರಾತುರಿಯಲ್ಲಿ ಮಾರುವುದು ಅಪಾಯ. ಮೊದಲು ಪಶುವೈದ್ಯ ಇಲಾಖೆಗೆ ತಿಳಿಸಬೇಕು.

ಇದು ಬೇಡ

ಅಂಗಡಿಯವರು ಕೊಟ್ಟ ಆ್ಯಂಟಿಬಯೋಟಿಕ್ ಪುಡಿಯನ್ನು ಮುನ್ನೆಚ್ಚರಿಕೆಗೆಂದು ನೀರಿಗೆ ಬೆರೆಸುವ ಅಭ್ಯಾಸ ಬೇಡ. ವೈರಸ್ ರೋಗಕ್ಕೆ ಅದು ಕೆಲಸ ಮಾಡುವುದಿಲ್ಲ. ಅದರ ಅಂಶ ಮೊಟ್ಟೆ, ಮಾಂಸದ ಮೂಲಕ ಮನೆಯವರ ಹೊಟ್ಟೆಗೇ ಸೇರುತ್ತದೆ. ಮನುಷ್ಯರಿಗೆ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಕೋಳಿ, ಜಾನುವಾರುಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಯಾವುದೇ ಔಷಧ ಕೊಟ್ಟಾಗ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ಲೇಬಲ್‌ನಲ್ಲಿ ನೋಡಬೇಕು.

ಎಲ್ಲಿ ವಿಚಾರಿಸಬೇಕು?

ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಲಸಿಕೆ ತಯಾರಿಸುತ್ತದೆ. ಪುಣೆಯ ಔಂಧ್, ಹೈದರಾಬಾದ್‌ನ ಶಾಂತಿನಗರದಲ್ಲೂ ಸರ್ಕಾರಿ ಪಶು ಲಸಿಕೆ ಸಂಸ್ಥೆಗಳಿವೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಲಸಿಕೆ ಯಾವ ದಿನ ಸಿಗುತ್ತದೆ ಎಂದು ಮರಿ ತರುವ ಮುನ್ನವೇ ಕೇಳಿಟ್ಟುಕೊಳ್ಳಿ. ಹಲವು ರಾಜ್ಯಗಳಲ್ಲಿ 1962 ಪಶು ಚಿಕಿತ್ಸಾ ಸಹಾಯವಾಣಿ ಸಂಖ್ಯೆಯಾಗಿದೆ. ನಗರದಲ್ಲಿ ಸಾಕುವವರು ಪಾಲಿಕೆ ಹಾಗೂ ಹೌಸಿಂಗ್ ಸೊಸೈಟಿಯ ನಿಯಮಗಳನ್ನೂ ತಿಳಿದುಕೊಳ್ಳಬೇಕು.

ಕೊನೆಯದಾಗಿ ಒಂದು ನೋಟ್‌ಬುಕ್. ಮರಿ ತಂದ ದಿನ, ಲಸಿಕೆ ಹಾಕಿದ ದಿನ, ಜಂತುಹುಳು ಔಷಧ ಕೊಟ್ಟ ದಿನ ಬರೆದಿಟ್ಟರೆ, ಕೋಳಿ ಮಂಕಾದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ.