ಮಣ್ಣೊಳಗಿನ ಅಣಬೆಯ ವಂಶಾವಳಿ

ರೋಮಿನ ಪ್ಲಿನಿ ತನ್ನ ಪ್ರಕೃತಿಚರಿತ್ರೆಯಲ್ಲಿ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಸ್ಪೇನಿನಲ್ಲಿ ಅಧಿಕಾರಿಯಾಗಿದ್ದ ಲಾರ್ಟಿಯಸ್ ಲಿಸಿನಿಯಸ್ ಎಂಬವನು ಟ್ರಫಲ್ ಒಂದನ್ನು ಕಚ್ಚಿದಾಗ, ಒಳಗಿದ್ದ ಬೆಳ್ಳಿನಾಣ್ಯ ತಗುಲಿ ಅವನ ಮುಂದಿನ ಹಲ್ಲುಗಳು ಸೊಟ್ಟಗಾದವಂತೆ. ನಾಣ್ಯ ಒಳಸೇರಿದ್ದರಿಂದ ಈ ಪದಾರ್ಥ ಮಣ್ಣೇ ಉಂಡೆಗಟ್ಟಿದ್ದು ಎಂಬುದು ಪ್ಲಿನಿಯ ತರ್ಕ. ನಾವು ನಗಬೇಕಾಗಿಲ್ಲ. ಬೇರಿಲ್ಲದೆ, ಕಾಂಡವಿಲ್ಲದೆ, ಓಕ್ ಮರದಡಿಯ ನೆಲದೊಳಗೆ ಗೆಡ್ಡೆಯಂತೆ ಅಡಗಿರುವ ಈ ಸುವಾಸನೆಯ ಅಣಬೆಯ ಹುಟ್ಟನ್ನು ಯಾರು ತಾನೇ ಊಹಿಸಿಯಾರು? ಗುಡುಗಿನಿಂದ ಟ್ರಫಲ್ ಹುಟ್ಟುತ್ತದೆಂಬ ನಂಬಿಕೆಯನ್ನು ಪ್ಲುಟಾರ್ಕನೂ ಚರ್ಚಿಸಿದ್ದಾನೆ. ನಮ್ಮ ಕರಾವಳಿಯಲ್ಲಿ ಮುಂಗಾರಿನ ಮೊದಲ ಗುಡುಗಿಗೆ ಕಲ್ಲಣಬೆ ಏಳುತ್ತದೆ ಎನ್ನುವವರು ಇಂದಿಗೂ ಇದ್ದಾರೆ.

ಮಿಲಾನಿನಲ್ಲಿ ಕಾರ್ಲೊ ವಿಟ್ಟಾಡಿನಿ 1831ರಲ್ಲಿ ಪ್ರಕಟಿಸಿದ ಗ್ರಂಥದಿಂದ ಟ್ರಫಲುಗಳ ಶಾಸ್ತ್ರೀಯ ಅಧ್ಯಯನಕ್ಕೆ ಭದ್ರವಾದ ತಳಹದಿ ದೊರೆಯಿತು. ಫ್ರಾನ್ಸಿನ ಅಡುಗೆಮನೆಗಳ ಮಾನ್ಯ ಕಪ್ಪು ಟ್ರಫಲಿಗೆ ಟ್ಯೂಬರ್ ಮೆಲನೋಸ್ಪೋರಮ್ ಎಂಬ ಹೆಸರನ್ನಿಟ್ಟವನು ಅವನೇ. ಸಿಪ್ಪೆಯ ಗಂಟು, ತಿರುಳಿನ ಬಣ್ಣ, ಬೀಜಾಣುವಿನ ಮುಳ್ಳು, ಇವೇ ಅಂದಿನ ವಿದ್ವಾಂಸರಿಗಿದ್ದ ಆಧಾರ. ಆದರೆ ರೂಪ ಮೋಸಮಾಡುತ್ತದೆ.

ಇದು ನನ್ನಂಥ ಕನ್ನಡದ ಅಧ್ಯಾಪಕನಿಗೆ ಹೊಸ ಮಾತಲ್ಲ. ಎರಡು ಓಲೆಗರಿಯ ಪ್ರತಿಗಳ ಅಕ್ಷರ ಒಂದೇ ಬಗೆಯಾಗಿದ್ದ ಮಾತ್ರಕ್ಕೆ ಅವು ಒಂದೇ ಮಾತೃಕೆಯಿಂದ ಬಂದವಾಗುವುದಿಲ್ಲ. ಒಂದೇ ಎಡೆಯಲ್ಲಿ ಒಂದೇ ತಪ್ಪು ಎರಡರಲ್ಲಿಯೂ ಮತ್ತೆ ಮತ್ತೆ ಕಂಡಾಗ ಸಂಬಂಧ ಸಿದ್ಧವಾಗುತ್ತದೆ. ಜೀವಿಗಳೂ ತಮ್ಮ ವಂಶದ ಬರಹವನ್ನು ಪೀಳಿಗೆಯಿಂದ ಪೀಳಿಗೆಗೆ ನಕಲುಮಾಡುತ್ತಲೇ ಇರುತ್ತವೆ. ಲಿಪಿಕಾರನ ಸ್ಖಾಲಿತ್ಯಗಳು ಅಲ್ಲಿಯೂ ಉಳಿಯುತ್ತವೆ. 1990ರ ದಶಕದಿಂದೀಚೆಗೆ ಡಿ.ಎನ್.ಎ. ಪರೀಕ್ಷೆ ಈ ಪಾಠಾಂತರಗಳನ್ನು ಓದತೊಡಗಿದಾಗ ಹಳೆಯ ವಂಶವೃಕ್ಷದ ಕೆಲವು ಕೊಂಬೆಗಳು ಮುರಿದುಬಿದ್ದವು. ಅರಬ್ಬೀ ಮರುಭೂಮಿಯ ಟರ್ಫೇಜಿಯ ಕಪ್ಪು ಟ್ರಫಲಿನ ಕುಟುಂಬದ್ದೇ ಅಲ್ಲವೆಂದಾಯಿತು. ಬಟ್ಟಲಿನಾಕಾರದ, ನೆಲದ ಮೇಲೆ ಬೆಳೆಯುವ ಅಣಬೆಗಳು ಬೇರೆಬೇರೆ ಕಾಲದಲ್ಲಿ, ಬೇರೆಬೇರೆಯಾಗಿ, ಹಲವು ಬಾರಿ ನೆಲದೊಳಗೆ ಇಳಿದಿವೆ. ಮೇಲಿದ್ದಾಗ ಬೀಜಾಣುಗಳನ್ನು ಗಾಳಿಗೆ ತೂರುತ್ತಿದ್ದವು; ಕೆಳಗಿಳಿದ ಮೇಲೆ ಹಂದಿ, ಇಲಿ, ಅಳಿಲುಗಳನ್ನು ವಾಸನೆಯಿಂದ ಕರೆದು, ತಮ್ಮನ್ನು ತಿನ್ನಿಸಿ, ಬೀಜಾಣುಗಳನ್ನು ಹರಡಿಸಬೇಕಾಯಿತು. ನಮ್ಮ ಕಲ್ಲಣಬೆಯಂತೂ ಇನ್ನೂ ದೂರದ ಸಂಬಂಧಿ; ಅದರ ವಂಶವೂ ಟ್ರಫಲಿನ ವಂಶವೂ ಕವಲೊಡೆದು 40 ಕೋಟಿ ವರ್ಷಕ್ಕೂ ಮೀರಿದೆ.

ಇನ್ನೊಂದು ಸ್ವಾರಸ್ಯವಿದೆ. ಕಪ್ಪು ಟ್ರಫಲು ಸಂಗಾತಿಯ ಹಂಗಿಲ್ಲದೆ ತನ್ನಲ್ಲಿ ತಾನೇ ಸಂತಾನ ಪಡೆಯುತ್ತದೆಂದು ಬಹುಕಾಲ ತಿಳಿಯಲಾಗಿತ್ತು. ಪರೀಕ್ಷೆಗೆ ತೆಗೆದುಕೊಳ್ಳುತ್ತಿದ್ದುದು ತಿರುಳನ್ನು. ತಿರುಳು ಪೂರ್ತಿ ತಾಯಿಯದು. ತಂದೆಯ ಪಾಲು ಇರುವುದು ಗಟ್ಟಿ ಕವಚದ ಬೀಜಾಣುಗಳಲ್ಲಿ ಮಾತ್ರ. ಗ್ರಂಥದ ಅರ್ಧವನ್ನಷ್ಟೇ ಓದಿ ತೀರ್ಪು ಕೊಟ್ಟಂತಾಗಿತ್ತು! ಫ್ರಾನ್ಸ್ ಮತ್ತು ಇಟಲಿಯ ವಿಜ್ಞಾನಿಗಳು ಮುಂದಾಗಿ ನಡೆಸಿದ ಸಂಶೋಧನೆಯಲ್ಲಿ ಈ ಅಣಬೆಯ ಸಮಗ್ರ ಜೀನೋಮ್ 2010ರಲ್ಲಿ ಪ್ರಕಟವಾಯಿತು. ಸುಮಾರು 12.5 ಕೋಟಿ ಅಕ್ಷರಗಳ ಆ ಬರಹದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಎಡೆಯಿಂದೆಡೆಗೆ ಜಿಗಿಯುವ ಪುನರುಕ್ತಿ. ಪ್ರೋಟೀನಿನ ಜೀನುಗಳು 7,500ರಷ್ಟು. ಕೂಡಿಕೆಗೆ ಎರಡು ಬಗೆಯ ಎಳೆಗಳು ಬೇಕೆಂಬುದೂ ಆಗಲೇ ಸ್ಥಿರಪಟ್ಟಿತು. ಬೇರುಗಳ ಮೇಲೆ ಒಂದೇ ಬಗೆ ಹಬ್ಬಿ, ಇನ್ನೊಂದು ಹತ್ತಿರದಲ್ಲಿಲ್ಲದಿದ್ದರೆ ಮರ ಹಸಿರಾಗಿದ್ದರೂ ಟ್ರಫಲು ಕಟ್ಟದು.

ರೈತನಿಗೆ ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ, ಅದರ ಹೆಸರಿನಲ್ಲಿ ನಮ್ಮ ದೇಶವಿದೆ. ಹಿಮಾಲಯದ ಟ್ರಫಲೊಂದಕ್ಕೆ ಕುಕ್ ಮತ್ತು ಮ್ಯಾಸಿ 1892ರಲ್ಲಿ ಟ್ಯೂಬರ್ ಇಂಡಿಕಮ್ ಎಂದು ಹೆಸರಿಟ್ಟರು. ಅದು ಮೆಲನೋಸ್ಪೋರಮ್‌ನ ಹತ್ತಿರದ ಬಂಧು, ನೋಟಕ್ಕೆ ಅವಳಿಯಂತೆ. ಪರಿಮಳ ಮಾತ್ರ ಮಂದ. 1990ರ ದಶಕದಲ್ಲಿ ಚೀನದಿಂದ ಇದು ಅಗ್ಗದ ಬೆಲೆಗೆ ಯೂರೋಪಿಗೆ ಹರಿಯಿತು. ಬೆರಕೆಯ ವ್ಯಾಪಾರ ಕೊಳ್ಳುವವನ ಹಣಕ್ಕೆ ಹಾನಿ, ಅಷ್ಟೆ. ಆದರೆ 2008ರಲ್ಲಿ ಇಟಲಿಯ ಪಿಯೆಮೊಂತೆಯ ಒಂದು ತೋಟದ ಬೇರುಗಳಲ್ಲಿಯೇ ಇಂಡಿಕಮ್‌ನ ಡಿ.ಎನ್.ಎ. ಇರುವುದು ವರದಿಯಾಯಿತು. ಮೆಲನೋಸ್ಪೋರಮ್ ಎಂದು ನಂಬಿ ನೆಟ್ಟ ಸಸಿಗಳವು. ಟ್ರಫಲಿನ ತೋಟ ಫಲಕ್ಕೆ ಬರಲು ಹಲವು ವರ್ಷ ಕಾಯಬೇಕು. ಅಷ್ಟು ಕಾಲ ನೀರೆರೆದವನ ಮಣ್ಣಿನಲ್ಲಿ ಬೇಡದ ಬಂಧು ಬೇರೂರಿದ್ದ.

ಅದರ ತಪ್ಪೇನೂ ಇಲ್ಲ. ಹಿಮಾಲಯದ ತಪ್ಪಲಿನಲ್ಲಿ ಅದು ತನ್ನ ಮರಗಳ ಬೇರುಗಳೊಡನೆ ಬಾಳುವೆ ಮಾಡಿಕೊಂಡಿತ್ತು. ಕಡಲು ದಾಟಿಸಿದವರು ವರ್ತಕರು. ಈಗ ಎಚ್ಚರಿಕೆಯುಳ್ಳ ಸಸ್ಯಾಗಾರಗಳು ಸಸಿಯನ್ನು ಮಾರುವ ಮೊದಲು ಬೇರಿನ ತುದಿಯ ಚೂರೊಂದನ್ನು ಪರೀಕ್ಷೆಗೆ ಕಳುಹಿಸುತ್ತವೆ. ವಿಟ್ಟಾಡಿನಿ ಸೂಕ್ಷ್ಮದರ್ಶಕದಲ್ಲಿ ಎಷ್ಟೇ ನೋಡಿದರೂ ಕಾಣಲಾರದಿದ್ದ ವ್ಯತ್ಯಾಸ ಆ ಚೂರಿನಲ್ಲಿ ಕೆಲವು ಗಂಟೆಗಳಲ್ಲೇ ಪತ್ತೆಯಾಗುತ್ತದೆ.