ಈಳಿಗೆಮಣೆಯೂ ಒರಳುಕಲ್ಲೂ

ಜೈನಕವಿ ಮೂರನೆಯ ಮಂಗರಸನು 1508ರ ಸುಮಾರಿನಲ್ಲಿ ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವು ಬದನೆ, ಹಲಸು, ಬಾಳೆ, ಕಳಲೆಗಳ ಪಾಕಗಳನ್ನು ವಿಸ್ತಾರವಾಗಿ ವರ್ಣಿಸಿದೆ. ಇವುಗಳಲ್ಲಿ ಅಲಗನ್ನು ನಿಜವಾಗಿ ಪರೀಕ್ಷಿಸುವುದು ಹಲಸೊಂದೇ. ಮೇಣ ಹಿಡಿಯದಂತೆ ಅಲಗಿಗೂ ಅಂಗೈಗೂ ಎಣ್ಣೆ ಸವರದೆ ಅದನ್ನು ಮುಟ್ಟುವಂತಿಲ್ಲ. ಬಾಳೆಯ ಹೂವಿನಲ್ಲಿ ಶ್ರಮವೆಲ್ಲ ಒಂದೊಂದು ಹೂವಿನ ನಾರನ್ನೂ ಬೆರಳಿನಿಂದ ಕೀಳುವುದರಲ್ಲಿ. ಎಣ್ಣೆಗಾಯಿಯ ಬದನೆಗಾದರೋ ತೊಟ್ಟು ಕಳಚದಂತೆ ಎರಡು ಸೀಳು ಸಾಕು.

ಆದುದರಿಂದಲೇ ಕನ್ನಡನಾಡಿನ ಮನೆಗಳಿಗೆ ಬಹುಕಾಲ ಈಳಿಗೆಮಣೆಯೊಂದೇ ಸಾಕಾಗಿದ್ದಿತು. ಕರಾವಳಿಯಲ್ಲಿ ಅದು ಮೆಟ್ಟುಗತ್ತಿ. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿಯುವುದರಿಂದ ಎರಡು ಕೈಗಳೂ ತರಕಾರಿಗೆ ಬಿಡುವಾಗುವುವು. ತುದಿಯ ಹಲ್ಲು ತೆಂಗಿನಕಾಯಿಯನ್ನು ತುರಿಯುವುದು. ನಿತ್ಯದ ಮುದ್ದೆಗೆ, ಅನ್ನಕ್ಕೆ, ಬೇಳೆಯ ಸಾರಿಗೆ ಹೆಚ್ಚಬೇಕಾದುದಾದರೂ ಏನು? ಸೊಪ್ಪನ್ನೂ ಕೈಯೇ ಬಿಡಿಸುವುದು.

ಹೆಂಗಸರ ರಟ್ಟೆಯನ್ನು ಸವೆಸಿದುದು ಕಲ್ಲು. ಬೆಳಗಿನ ಜಾವದ ಬೀಸುವಿಕೆ, ಒನಕೆಯ ಕುಟ್ಟುವಿಕೆ, ಒರಳಿನ ರುಬ್ಬುವಿಕೆ ಇವುಗಳ ಮುಂದೆ ಹೆಚ್ಚುವುದು ಕುಳಿತು ದಣಿವಾರಿಸಿಕೊಳ್ಳುವ ಕೆಲಸವೇ ಆಗಿದ್ದಿತು. ಬಳಿಕ ಹುರುಳಿಕಾಯಿ, ಎಲೆಕೋಸುಗಳಂತಹ ಪರದೇಶದ ತರಕಾರಿಗಳು ಬಂದು ಸಣ್ಣಗೆ ಹೆಚ್ಚುವ ಪಲ್ಯಗಳು ಬೆಳೆದುವು, ನಿಜ. ಆದರೆ ಹಿಟ್ಟಿನ ಗಿರಣಿಯೂ ವಿದ್ಯುತ್ತಿನ ರುಬ್ಬುವ ಯಂತ್ರವೂ ಕಲ್ಲಿನ ಹೊರೆಯನ್ನು ಇಳಿಸಿದ ಮೇಲೆಯೇ ಅಲಗಿನ ಕೆಲಸವು ಅಡುಗೆಯ ದೊಡ್ಡ ದುಡಿಮೆಯಾಗಿ ತೋರತೊಡಗಿತು.