ಹನ್ನೊಂದನೇ ಕಂತು ಸಿಗಲಿಲ್ಲ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಟ್ರಂಕು, ಅದರೊಳಗೆ ಒಂದು ಪುಸ್ತಕ ಇದೆ. ಅಂಗಡಿಯಲ್ಲಿ ಕೊಂಡದ್ದಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ಹರಿದು, ಜೋಡಿಸಿ, ದಬ್ಬಳದಲ್ಲಿ ತೂತು ಮಾಡಿ ಗೋಣಿದಾರದಲ್ಲಿ ಹೊಲಿದದ್ದು. ರಟ್ಟಿನ ಬದಲು ಹಳೇ ಕ್ಯಾಲೆಂಡರ್ ಹಾಳೆ. ಹೊಲಿದವಳು ನಮ್ಮವ್ವ, ಮದುವೆಗೆ ಮುಂಚೆ. ಪತ್ರಿಕೆ ತರಿಸುತ್ತಿದ್ದವರು ಪಕ್ಕದ ಮನೆಯ ಮೇಷ್ಟ್ರು. ಅವರ ಮನೆಯವರೆಲ್ಲ ಓದಿದ ಮೇಲೆ ಇವಳ ಸರದಿ. ಒಂದು ವಾರದ ಸಂಚಿಕೆ ಯಾರ ಕೈಗೋ ಹೋಗಿ ವಾಪಸ್ ಬರಲಿಲ್ಲ. ಹಾಗಾಗಿ ಹತ್ತನೇ ಕಂತು ಮುಗಿದರೆ ಮುಂದಿನದು ಹನ್ನೆರಡು.

"ಹನ್ನೊಂದರಲ್ಲಿ ಏನಾಯ್ತವ್ವ?" ಅಂತ ಒಮ್ಮೆ ಕೇಳಿದೆ.

"ಆ ಹುಡ್ಗಿ ತವರಿಗೆ ಹೋಗವ್ಳೆ ಕಣ್ ಮಗ, ಅವರಪ್ಪ ಬಾಗ್ಲು ತೆಗ್ದಿಲ್ಲ."

"ಓದ್ದೇನೇ ನಿಂಗೆಂಗ್ ಗೊತ್ತು?"

"ಹನ್ನೆರಡ್ರಿಂದ ಆಚೆಗೆ ಅವಳು ಅಪ್ಪನ ಹೆಸ್ರೇ ಎತ್ತಕಿಲ್ವಲ್ಲ."

ಕಾಲೇಜಿನಲ್ಲಿ ಸಾಹಿತ್ಯ ವಿಮರ್ಶೆ ಓದಿದ ನನಗೆ ಆ ಸುಳಿವು ಕಂಡಿರಲಿಲ್ಲ. ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ: ನಮ್ಮ ಕಡೆಯ ಜನ ಕಾದಂಬರಿಯನ್ನು ಓದಿದ್ದು ಹೇಗೆ? ನನಗೆ ಸಿಕ್ಕ ಉತ್ತರ ಇದು: ಹೆಚ್ಚಿನವರು ಅದನ್ನು ಇಡೀ ಪುಸ್ತಕವಾಗಿ ಓದಲಿಲ್ಲ, ಒಂದೊಂದೇ ಅಧ್ಯಾಯವಾಗಿ ಓದಿದರು. ಅದು ಅರೆಬರೆ ಓದಲ್ಲ. ಅದಕ್ಕೂ ಒಂದು ಚರಿತ್ರೆ ಇದೆ.

ಬೋರ್ಡಿನಲ್ಲಿ ಭಾರತೀನಗರ ಅಂತಿದ್ದರೂ ಬಸ್ಸಿನ ಕಂಡಕ್ಟರಿಗೆ ನಮ್ಮೂರು ಇವತ್ತಿಗೂ ಕೆ.ಎಂ. ದೊಡ್ಡಿಯೇ. ಮದ್ದೂರು–ಮಳವಳ್ಳಿ ರಸ್ತೆಯ ಈ ಊರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ, ಕಾಲೇಜಿದೆ, ಸುತ್ತ ಕಬ್ಬಿನ ಗದ್ದೆ ಇದೆ. ಹಗಲೆಲ್ಲ ಗದ್ದೆ ಕೆಲಸ ಮಾಡಿದವರಿಗೆ ಓದಿಗೆ ಸಿಗುತ್ತಿದ್ದದ್ದು ಊಟವಾದ ಮೇಲಿನ ಸ್ವಲ್ಪ ಹೊತ್ತು ಮಾತ್ರ. ಸೀಮೆಎಣ್ಣೆ ಬುಡ್ಡಿ ಎಷ್ಟು ಹೊತ್ತು ಉರಿಯುತ್ತದೋ ಅಷ್ಟೇ ಕಥೆ.

ಈ ಅಳತೆಗೆ ತಕ್ಕ ಕಥೆ ಕನ್ನಡದಲ್ಲಿ ಮೊದಲಿಂದಲೂ ಇತ್ತು. ಕುಮಾರವ್ಯಾಸನ ಭಾರತದಲ್ಲಿ 152 ಸಂಧಿಗಳಿವೆ, ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ 34. ಗಮಕಿಗಳು ಇವನ್ನು ಭಾಗ ಭಾಗವಾಗಿ ರಾತ್ರಿಗಟ್ಟಲೆ ವಾಚನ ಮಾಡುತ್ತಿದ್ದರು. ಅಕ್ಷರ ಬಾರದವರೂ ಕಿವಿಯಿಂದಲೇ ಓದುಗರಾದರು. ಸಂಧಿಯ ತಲೆಯಲ್ಲಿ ಒಂದು 'ಸೂಚನೆ' ಪದ್ಯ ಇರುತ್ತದೆ. ಈ ಸಂಧಿಯಲ್ಲಿ ಏನಾಗುತ್ತದೆ ಎಂದು ಅದು ಮೊದಲೇ ಹೇಳಿಬಿಡುತ್ತದೆ. ನಿನ್ನೆ ಬಾರದವನೂ ಇವತ್ತು ಬಂದು ಕೂರಬಹುದು. ವಾರಪತ್ರಿಕೆಯ ಧಾರಾವಾಹಿಯ ಮೇಲೆ 'ಈವರೆಗಿನ ಕಥೆ' ಅಂತ ನಾಲ್ಕು ಸಾಲು ಬರುತ್ತಿತ್ತಲ್ಲ, ಅದು ಮಾಡುತ್ತಿದ್ದದ್ದೂ ಇದೇ ಕೆಲಸ: ನಡುವೆ ಬಂದವರಿಗೆ ಜಾಗ ಮಾಡಿಕೊಡುವುದು.

ಕಾದಂಬರಿ ಎಂಬ ಹೊಸ ಪ್ರಕಾರ ಹುಟ್ಟಿ ಬೆಳೆದದ್ದರಲ್ಲೂ ಕಂತುಗಳ ಪಾಲು ದೊಡ್ಡದು. ಇಂಗ್ಲೆಂಡಿನಲ್ಲಿ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' 1836-37ರಲ್ಲಿ ತಿಂಗಳ ಕಂತುಗಳಾಗಿ ಬಂತು. ಬಂಗಾಳದಲ್ಲಿ ಬಂಕಿಮಚಂದ್ರರು 1872ರಲ್ಲಿ 'ಬಂಗದರ್ಶನ' ಪತ್ರಿಕೆ ಶುರು ಮಾಡಿ 'ವಿಷವೃಕ್ಷ'ವನ್ನು ಅದರಲ್ಲೇ ಧಾರಾವಾಹಿಯಾಗಿ ಪ್ರಕಟಿಸಿದರು. ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದು ಇಲ್ಲಿ ಕಾದಂಬರಿಯ ರುಚಿ ಹತ್ತಿಸಿದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಪತ್ರಿಕೆಯನ್ನೂ ನಡೆಸಿದರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕಾದಂಬರಿಗಳನ್ನೂ ಮಾರಿದರು. ಮುಂದೆ ವಾರಪತ್ರಿಕೆಗಳ ಕಾಲ ಬಂತು. 1921ರಲ್ಲೇ ಶುರುವಾಗಿದ್ದ 'ಕರ್ಮವೀರ', 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ'. ಒಂದು ಪ್ರತಿ ಬಂದರೆ ಅದು ಇಡೀ ಬೀದಿಯ ಪ್ರತಿ.

ನಮ್ಮ ಜಿಲ್ಲೆಗೆ ಈ ಕಥೆಯಲ್ಲಿ ವಿಶೇಷ ಜಾಗ ಇದೆ. ತ್ರಿವೇಣಿ ಹುಟ್ಟಿದ್ದು ಮಂಡ್ಯದಲ್ಲಿ, 1928ರಲ್ಲಿ. ಮನಃಶಾಸ್ತ್ರ ಓದಿದ ಅವರು ಹೆಣ್ಣುಮಕ್ಕಳ ಒಳಗಿನ ನೋವನ್ನು ಮನೆಯ ಮಾತಿನಲ್ಲೇ ಬರೆದರು. 'ಬೆಳ್ಳಿಮೋಡ', 'ಶರಪಂಜರ' ಸಿನಿಮಾ ಆಗಿ ಓದದವರಿಗೂ ತಲುಪಿದವು. 1963ರಲ್ಲಿ ಅವರು ತೀರಿಕೊಂಡಾಗ ಇನ್ನೂ ಮೂವತ್ತೈದು ತುಂಬಿರಲಿಲ್ಲ. 'ಅವಳ ಮಗಳು' ಅರ್ಧಕ್ಕೇ ನಿಂತಿತ್ತು. ಅದನ್ನು ಪೂರ್ತಿ ಮಾಡಿದವರು ಎಂ.ಸಿ. ಪದ್ಮಾ. ಒಬ್ಬ ಲೇಖಕಿ ಇನ್ನೊಬ್ಬ ಲೇಖಕಿಯ ಕಥೆ ಮುಗಿಸಬೇಕಾದರೆ ಇರುವ ಅಧ್ಯಾಯಗಳನ್ನು ಎಷ್ಟು ಹತ್ತಿರದಿಂದ ಓದಿರಬೇಕು! ಅವ್ವ ಹನ್ನೊಂದನೇ ಕಂತನ್ನು ತುಂಬಿಕೊಂಡದ್ದೂ ಅದೇ ದಾರಿಯಲ್ಲಿ. ಅವಳು ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಂತ ಒಂದು ಅಧ್ಯಾಯ ಓದಿದರೆ ಪುಸ್ತಕ ಓದಿದಂತಲ್ಲ. ನಮ್ಮ ಪೀಳಿಗೆಗೆ ದೊಡ್ಡ ಕಾದಂಬರಿಗಳು ಪರಿಚಯವಾದದ್ದು ಪಠ್ಯಪುಸ್ತಕದ 'ಆಯ್ದ ಭಾಗ'ದಲ್ಲಿ. ಕೆಳಗೆ ಪದಗಳ ಅರ್ಥ, ಬಿಟ್ಟ ಸ್ಥಳ ತುಂಬಿ, ಸಂದರ್ಭ ಸಹಿತ ವಿವರಿಸಿ. ಪರೀಕ್ಷೆ ಮುಗಿದರೆ ಕಾದಂಬರಿಯೂ ಮುಗಿಯಿತು. ಕಾರಂತರ 'ಚೋಮನ ದುಡಿ'ಯಲ್ಲಿ (1933) ಚೋಮ ದುಡಿ ಬಾರಿಸುವ ಪುಟಗಳಷ್ಟನ್ನೇ ಓದಿದವರಿಗೆ ಅದೊಂದು ವಾದ್ಯದ ಸದ್ದು. ತುಂಡು ಭೂಮಿಗಾಗಿ ಅವನು ಕಟ್ಟಿಕೊಂಡ ಆಸೆ, ಒಬ್ಬೊಬ್ಬರಾಗಿ ಕೈತಪ್ಪಿದ ಮಕ್ಕಳು, ಇದೆಲ್ಲ ಗೊತ್ತಿದ್ದವರಿಗೆ ಮಾತ್ರ ಆ ಸದ್ದಿನ ಭಾರ ತಿಳಿಯುತ್ತದೆ. ಧಾರಾವಾಹಿಯ ಅಧ್ಯಾಯ ಮುಂದಿನ ವಾರಕ್ಕೆ ಕಾಯಿಸುತ್ತಿತ್ತು. ಪಾಠದ ಅಧ್ಯಾಯ ಕಾಯಿಸುವುದಿಲ್ಲ. ನಾವು ಕಳೆದುಕೊಂಡದ್ದು ಈ ಕಾಯುವಿಕೆಯನ್ನು.

ಇದು ನನಗೆ ಅರಿವಾದದ್ದು ದೇವನೂರ ಮಹಾದೇವರ 'ಕುಸುಮಬಾಲೆ'ಯಿಂದ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅಂತ ಹಾಸ್ಟೆಲಿನಲ್ಲಿ ಹಿಡಿದು ಕೂತೆ. ನಂಜನಗೂಡು ಸೀಮೆಯ ಆಡುಮಾತನ್ನು ಕಣ್ಣಲ್ಲೇ ಓದಲು ಹೋಗಿ ಇಪ್ಪತ್ತು ಪುಟಕ್ಕೆ ಸೋತೆ. ರಜೆಗೆ ಊರಿಗೆ ಬಂದಾಗ ಒಂದೇ ಭಾಗವನ್ನು ಅವ್ವನಿಗೆ ಗಟ್ಟಿಯಾಗಿ ಓದಿದೆ. ಮನೆಮನೆಯ ದೀಪಗಳ ಜೋತಮ್ಮಗಳು ರಾತ್ರಿ ಒಂದು ಕಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಭಾಗ ಅದು. ನಾನು ತಡವರಿಸಿದ ಕಡೆಯೆಲ್ಲ ಅವ್ವ ಪದ ಸರಿ ಮಾಡಿದಳು. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನೆ ದೀಪ ಅಲ್ಲಿಗ್ ಹೋಗಿದ್ರೆ ಏನೇನ್ ಹೇಳ್ತಿತ್ತೋ" ಅಂದಳು. ಮಾರನೇ ದಿನ ಅವಳೇ ಕೇಳಿದಳು: "ಮುಂದುಕ್ ಓದ್ಲಾ." ಹನ್ನೆರಡು ರಾತ್ರಿಯಲ್ಲಿ ಪುಸ್ತಕ ಮುಗಿಯಿತು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಅಲ್ಲಿ ವಾರಕ್ಕೊಂದು ಸಂಜೆ ಒಬ್ಬರು ಒಂದು ಅಧ್ಯಾಯ ಓದಿ, ಉಳಿದವರು ಕೇಳಿದರೆ ಸಾಕು, ಪುಸ್ತಕ ತಾನಾಗೇ ಮನೆಗೆ ಹೋಗುತ್ತದೆ. ಹೊಸ ಯೋಜನೆ ಏನೂ ಬೇಡ. ಇದು ನಮ್ಮ ಜಗಲಿಯ ಮೇಲೆ ನಡೆಯುತ್ತಿದ್ದ ಹಳೆಯ ಕೆಲಸವೇ.

ಇನ್ನೊಂದು ಕೇಳಿಕೆ. ನಿಮ್ಮ ಮನೆಯಲ್ಲೂ ಹೀಗೆ ಹೊಲಿದ ಪುಸ್ತಕ ಇದ್ದರೆ ಗುಜರಿಯವರಿಗೆ ತೂಕಕ್ಕೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಯಾವ ಪತ್ರಿಕೆ, ಯಾವ ವರ್ಷ, ಹೊಲಿದವರು ಯಾರು, ಯಾರ ಮನೆಯಿಂದ ಬಂತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬರೆದವರ ಚರಿತ್ರೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಓದಿದವರ ಚರಿತ್ರೆ ಇರುವುದು ಈ ಟ್ರಂಕುಗಳಲ್ಲಿ, ಮತ್ತು ಅದನ್ನು ಹೇಳಬಲ್ಲವರಿಗೆ ಈಗಾಗಲೇ ಅರವತ್ತು ದಾಟಿದೆ.